ಒಬ್ಬರ ಟೆಂಟ್ ಎಷ್ಟು ಹಗುರ ಇರಬೇಕು?

ಒಂಟಿಯಾಗಿ ಚಾರಣ ಹೋದರೆ ಟೆಂಟಿನ ಭಾರ ಹಂಚಿಕೊಳ್ಳಲು ಯಾರೂ ಇರುವುದಿಲ್ಲ. ಅದಕ್ಕೇ ಒಂದೂವರೆ ಕಿಲೋ ದಾಟಬಾರದು ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಪೆಗ್ಗು (ನೆಲಕ್ಕೆ ಹೊಡೆಯುವ ಗೂಟ), ಕಂಬ, ಚೀಲ ಎಲ್ಲಾ ಸೇರಿಸಿ. ಕಂಪನಿಗಳು ದಪ್ಪಕ್ಷರದಲ್ಲಿ ಹಾಕುವ ತೂಕದಲ್ಲಿ ಎಷ್ಟೋ ಸಲ ಪೆಗ್ಗು, ಚೀಲ ಸೇರಿರುವುದಿಲ್ಲ. ಕೆಳಗೆ ಸಣ್ಣದಾಗಿ ಬರೆದಿರುವ ಪ್ಯಾಕ್ಡ್ ವೇಟ್, ಅಂದರೆ ಎಲ್ಲಾ ಸೇರಿದ ತೂಕ, ನೋಡಿ.

ಟ್ರೆಕಿಂಗ್ ಕೋಲಿನ ಮೇಲೆ ನಿಲ್ಲುವ ಟೆಂಟುಗಳು ತುಂಬಾ ಹಗುರ. ಕೆಲವು ಒಂದು ಕಿಲೋಗೂ ಕಡಿಮೆ. ಆದರೆ ಪೆಗ್ಗು ಹೊಡೆದು ಎಳೆದು ಕಟ್ಟದಿದ್ದರೆ ನಿಲ್ಲುವುದೇ ಇಲ್ಲ. ಬೆಂಗಳೂರಿನ ಸುತ್ತ ಸಾವನದುರ್ಗ, ರಾಮನಗರ ಎಲ್ಲಾ ಕಡೆ ಬಂಡೆಯೇ, ಅಲ್ವಾ? ಪೆಗ್ಗು ಎಲ್ಲಿ ಇಳಿಯಬೇಕು? ಹಾಗಾಗಿ ಸ್ವಲ್ಪ ತೂಕ ಜಾಸ್ತಿಯಾದರೂ ಸ್ವಂತ ಕಂಬದ ಮೇಲೆ ನಿಲ್ಲುವುದನ್ನೇ ತಗೊಂಡೆ.

ವಿಜಯನಗರದ ಮನೆ ತಾರಸಿಯಲ್ಲಿ ಹಾಕಿ ನೋಡಿದಾಗ ಅಮ್ಮ ಬಗ್ಗಿ ಒಳಗೆ ಇಣುಕಿ, "ಮಗ್ಗುಲು ಹೊರಳೋಕಾದ್ರೂ ಜಾಗ ಇದ್ಯೇನೋ?" ಅಂದರು. ಆರಡಿ ಆಳಿಗೆ ಇದು ನ್ಯಾಯವಾದ ಪ್ರಶ್ನೆಯೇ. ಗೋಡೆ ಇಳಿಜಾರು ಇರುವುದರಿಂದ ಬರೆದಿರುವಷ್ಟು ಉದ್ದ ನಮಗೆ ಸಿಗುವುದಿಲ್ಲ. ಅಂಗಡಿಯಲ್ಲೇ ಮಲಗಿ ನೋಡಿ, ನಾಚಿಕೆ ಬೇಡ.

ಒಂದೇ ಪದರದ ಟೆಂಟು ನಮ್ಮ ಮಲೆನಾಡಿಗೆ ನನಗಂತೂ ಬೇಡ. ರಾತ್ರಿಯ ಉಸಿರೆಲ್ಲಾ ಒಳಗೋಡೆಯಲ್ಲಿ ನೀರಾಗಿ ಸ್ಲೀಪಿಂಗ್ ಬ್ಯಾಗಿಗೆ ತಾಗುತ್ತದೆ. ಎರಡು ಪದರವಿದ್ದರೆ ಮಧ್ಯದ ಜಾಲರಿ ನಮ್ಮನ್ನು ಅದರಿಂದ ದೂರ ಇಡುತ್ತದೆ.

ಬಟ್ಟೆಯ ವಿಷಯ: ಸಿಲ್‌ನೈಲಾನ್ (ಸಿಲಿಕೋನ್ ಲೇಪಿಸಿದ ನೈಲಾನ್) ಒದ್ದೆಯಾದರೆ ಜೋಲುತ್ತದೆ, ಮಳೆಯಲ್ಲಿ ಎದ್ದು ಹಗ್ಗ ಬಿಗಿಯಬೇಕು. ಪಾಲಿಯೆಸ್ಟರ್ ಅಷ್ಟು ಜೋಲುವುದಿಲ್ಲ. ಡೈನೀಮಾ ಅನ್ನುವ ತುಂಬಾ ಹಗುರವಾದ, ಗಟ್ಟಿ ನಾರಿನ ಬಟ್ಟೆ ನೀರನ್ನೇ ಹೀರುವುದಿಲ್ಲ, ಆದರೆ ಆ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಬೈಕ್ ಬರುತ್ತದೆ. ನಾನು ಪಾಲಿಯೆಸ್ಟರ್ ತಗೊಂಡೆ. ಬಣ್ಣ ಹಸಿರು, ಯಾಕಂದರೆ ಕಿತ್ತಳೆ ಸ್ಟಾಕ್ ಇರಲಿಲ್ಲ.