ಯಾವ ಊರಿಗೆ ಹೋಗಬೇಕು?

ಆಗಸ್ಟ್ 31 ಮಲೇಷ್ಯಾದ ಸ್ವಾತಂತ್ರ್ಯ ದಿನ. 1955ರ ಚುನಾವಣೆಯಲ್ಲಿ ಮಲಯ, ಚೀನಿ ಮತ್ತು ಭಾರತೀಯ ಮೂಲದವರ ಮೂರು ಪಕ್ಷಗಳು ಕೈಜೋಡಿಸಿ 52ರಲ್ಲಿ 51 ಸ್ಥಾನ ಗೆದ್ದಿದ್ದವು. 1957ರಲ್ಲಿ ಬ್ರಿಟಿಷರಿಂದ ಬಿಡುಗಡೆ ಕೇಳಿ ಪಡೆದದ್ದು ಈ ಮೈತ್ರಿಯೇ. ಅಂದರೆ ಆ ದೇಶ ಕಟ್ಟಿದವರಲ್ಲಿ ವಲಸೆ ಬಂದವರ ಮಕ್ಕಳೂ ಇದ್ದರು.

ಆದರೂ ಚುನಾವಣೆ ಹತ್ತಿರ ಬಂದಾಗಲೆಲ್ಲ ಯಾರಾದರೊಬ್ಬ ಪುಢಾರಿ ಅವರ ಮೊಮ್ಮಕ್ಕಳನ್ನು ಹೊರಗಿನವರು ಅನ್ನುತ್ತಾನೆ. ಕೌಲಾಲಂಪುರದಲ್ಲಿ ನನಗೊಬ್ಬಳು ಗೆಳತಿ ಇದ್ದಾಳೆ. ಅವಳ ಮುತ್ತಜ್ಜ ಮದ್ರಾಸ್ ಪ್ರಾಂತ್ಯದಿಂದ ರಬ್ಬರ್ ತೋಟದ ಕೂಲಿಗೆ ಹೋದವರು. ಅವಳು ಹುಟ್ಟಿದ್ದು, ಓದಿದ್ದು, ತೆರಿಗೆ ಕಟ್ಟುತ್ತಿರುವುದು ಎಲ್ಲ ಅಲ್ಲೇ. ‘ನಿಮ್ಮೂರಿಗೆ ಹೋಗಿ’ ಅಂದರೆ ಅವಳು ಎಲ್ಲಿಗೆ ಹೋಗಬೇಕು? ಈ ಮಾತು ಅವಳ ಮಗಳ ಕಿವಿಗೂ ಬೀಳುತ್ತದಲ್ಲ ಅಂತ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಮಲೇಷ್ಯಾ ಸಂವಿಧಾನದ 153ನೇ ವಿಧಿ ಬಹುಸಂಖ್ಯಾತ ಮಲಯರಿಗೂ ಬೋರ್ನಿಯೊ ದ್ವೀಪದ ಸಬಾ, ಸರವಾಕ್ ರಾಜ್ಯಗಳ ಮೂಲನಿವಾಸಿಗಳಿಗೂ ವಿಶೇಷ ಸ್ಥಾನ ಕೊಡುತ್ತದೆ. 1969ರಲ್ಲಿ ಮಲಯರಿಗೂ ಚೀನಿಯರಿಗೂ ನಡೆದ ಗಲಭೆಯ ನಂತರ, 1971ರಲ್ಲಿ ಈ ಸಮುದಾಯಗಳಿಗೆ ಓದು, ಕೆಲಸ, ವ್ಯಾಪಾರದಲ್ಲಿ ಆದ್ಯತೆ ಕೊಡುವ ‘ಹೊಸ ಆರ್ಥಿಕ ನೀತಿ’ ಬಂತು. ಹಳ್ಳಿಗಾಡಿನ ಮಲಯರ ಬಡತನ ಸುಳ್ಳಲ್ಲ, ವಸಾಹತು ಆಡಳಿತ ಅವರನ್ನು ಹಿಂದೆಯೇ ಬಿಟ್ಟಿತ್ತು. ಅವರಿಗೆ ನೆರವು ಸಿಗಲೇಬೇಕಿತ್ತು. ಆದರೆ ಇವತ್ತು ಹೊಸ ಮನೆ ಕೊಳ್ಳುವಾಗ ಸಿರಿವಂತ ಮಲಯನಿಗೂ ರಿಯಾಯಿತಿ ಇದೆ, ತೋಟದ ಕೂಲಿಯ ಮಗನಿಗೆ ಇಲ್ಲ. ಜನಾಂಗದ ಬದಲು ಆದಾಯ ನೋಡಿ ನೆರವು ಕೊಡಿ ಅನ್ನುವವರಲ್ಲಿ ಮಲಯರೂ ಇದ್ದಾರೆ. ನನ್ನ ಮನಸ್ಸು ಪೂರ್ತಿ ಅವರ ಕಡೆಗಿದೆ.