ಎರಡು ಡಿಸ್ಕ್ ಹೋದರೂ ಉಳಿಯಬೇಕು

ಫೈಲ್ ಸರ್ವರ್‌ಗೆ ಯಾವ ರೇಡ್ (RAID, ಹಲವು ಡಿಸ್ಕುಗಳನ್ನು ಸೇರಿಸಿ ಒಂದಾಗಿ ಬಳಸುವ ವಿಧಾನ) ಅಂತ ಮೂರು ದಿನ ಒದ್ದಾಡಿ ಇವತ್ತು ತೀರ್ಮಾನಕ್ಕೆ ಬಂದೆ. 8 ಟಿಬಿಯ ಆರು ಡಿಸ್ಕ್, ರೇಡ್ 6. ಎರಡು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ (ಕೆಟ್ಟ ಡಿಸ್ಕಿನ ಡೇಟಾ ಲೆಕ್ಕ ಹಾಕಿ ಮರಳಿ ಪಡೆಯಲು ಇಡುವ ಹೆಚ್ಚುವರಿ ಮಾಹಿತಿ) ಹೋಗಿ ಕೈಗೆ ಸಿಗುವುದು 32 ಟಿಬಿ. ರೇಡ್ 5 ಆಗಿದ್ದರೆ 40 ಸಿಗುತ್ತಿತ್ತು, ಆದರೆ ಅದು ತಾಳುವುದು ಒಂದು ಡಿಸ್ಕ್ ಹೋದರೆ ಮಾತ್ರ.

ನನಗೆ ಭಯ ಇರುವುದು ಡಿಸ್ಕ್ ಕೆಡುವುದರ ಬಗ್ಗೆ ಅಲ್ಲ, ಕೆಟ್ಟ ಮೇಲಿನ ರೀಬಿಲ್ಡ್, ಅಂದರೆ ಹೊಸ ಡಿಸ್ಕಿಗೆ ಡೇಟಾ ಮತ್ತೆ ತುಂಬುವ ಕೆಲಸದ ಬಗ್ಗೆ. ಹೊಸ ಡಿಸ್ಕ್ ತುಂಬಬೇಕಾದರೆ ಉಳಿದವನ್ನು ಮೊದಲಿಂದ ಕೊನೆವರೆಗೆ ಓದಬೇಕು. ಸೆಕೆಂಡಿಗೆ 150 ಎಂಬಿ ಅಂದುಕೊಂಡರೂ ಸುಮಾರು 15 ಗಂಟೆ; ನಡುವೆ ಜನ ಫೈಲ್ ತೆರೆಯುತ್ತಿದ್ದರೆ ಇನ್ನೂ ಜಾಸ್ತಿ. ಒಟ್ಟಿಗೇ ಕೊಂಡ, ಒಂದೇ ವಯಸ್ಸಿನ ಡಿಸ್ಕುಗಳು ಬೇರೆ. ಹಿಂದೊಮ್ಮೆ ರೇಡ್ 5ರಲ್ಲಿ ರೀಬಿಲ್ಡ್ 61 ಪರ್ಸೆಂಟಿಗೆ ಬಂದಾಗ ಎರಡನೆಯದೂ ಕೈಕೊಟ್ಟಿತ್ತು. ಪರದೆಯ ಮೇಲೆ ಕದಲದೆ ನಿಂತ ಆ ಅಂಕಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮಿರರ್ ಮಾಡಿದರೆ (ಒಂದೇ ಡೇಟಾ ಎರಡು ಡಿಸ್ಕಿನಲ್ಲಿ ಇಟ್ಟರೆ) ರೀಬಿಲ್ಡ್ ಸಲೀಸು, ಜೋಡಿ ಡಿಸ್ಕಿನಿಂದ ನಕಲು ಮಾಡಿದರೆ ಸಾಕು. ಡೇಟಾಬೇಸ್ ಆಗಿದ್ದರೆ ಅದನ್ನೇ ಆರಿಸುತ್ತಿದ್ದೆ. ಎಸ್‌ಎಂಆರ್ (ಡೇಟಾ ಸಾಲುಗಳನ್ನು ಹೆಂಚಿನ ಹಾಗೆ ಒಂದರ ಮೇಲೊಂದು ತುಸು ಹೊದಿಸಿ ಬರೆಯುವ) ಡಿಸ್ಕ್ ಮಾತ್ರ ಬೇಡವೇ ಬೇಡ, ರೀಬಿಲ್ಡ್ ಹೊತ್ತಿಗೆ ತೆವಳುತ್ತವೆ.

1987ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಮೂವರು ರೇಡ್ ಅಂತ ಹೆಸರಿಟ್ಟಾಗ ಅದರಲ್ಲಿದ್ದ 'ಐ' ಇನ್‌ಎಕ್ಸ್‌ಪೆನ್ಸಿವ್, ಅಂದರೆ ಅಗ್ಗದ ಡಿಸ್ಕ್ ಅನ್ನುವುದಕ್ಕೆ. ಕೆಡುತ್ತದೆ ಅಂತ ಒಪ್ಪಿಕೊಂಡೇ ಕಟ್ಟಿದ್ದು. ಆ ಧೈರ್ಯ ನನಗೆ ತುಂಬಾ ಇಷ್ಟ.

ಯಾರಾದರೂ ಫೋಲ್ಡರ್ ಅಳಿಸಿದರೆ ಆರೂ ಡಿಸ್ಕಿನಿಂದ ಒಟ್ಟಿಗೇ ಹೋಗುತ್ತದಲ್ಲ, ಅದಕ್ಕೆ ಬ್ಯಾಕಪ್ ಬೇರೆ ಕಡೆ ಇಟ್ಟಿದ್ದೇನೆ. ತಿಂಗಳಿಗೊಮ್ಮೆ ಸ್ಕ್ರಬ್, ಅಂದರೆ ಡಿಸ್ಕುಗಳನ್ನೆಲ್ಲ ಪೂರ್ತಿ ಓದಿ ತಪ್ಪು ಹುಡುಕುವುದು. ಸದ್ಯ ಮೊದಲ ಸಿಂಕ್ (ಪ್ಯಾರಿಟಿ ಮೊದಲ ಸಲ ಹೊಂದಿಸುವ ಕೆಲಸ) 12 ಪರ್ಸೆಂಟಿನಲ್ಲಿದೆ.