ಫೀಲಿಕ್ಸ್‌ಗೆ ಮುಂಗಡ ಕಟ್ಟಿದ್ದಾಯ್ತು: ನನ್ನ ವಾಚ್ ಸಂಗ್ರಹ ಈಗ ಎಲ್ಲಿಗೆ ಬಂದಿದೆ

ಕೊನೆಗೂ ಹಾಬ್ರಿಂಗ್ ಫೀಲಿಕ್ಸ್ ಎಂಬ ಆಸ್ಟ್ರಿಯಾದ ವಾಚಿಗೆ ಮುಂಗಡ ಕಟ್ಟಿದೆ. ದುಡ್ಡು ಹೊಂದಿಸಲು ಸ್ಟೀಲ್ ಸ್ಪೋರ್ಟ್ಸ್ ವಾಚನ್ನು ಮಾರಬೇಕಾಯಿತು. ಎಲ್ಲರೂ ಹೆಸರು ಕೇಳಿರುವ ದೊಡ್ಡ ಕಂಪನಿಯದು, ಕೊಂಡ ಬೆಲೆಗಿಂತ ಹೆಚ್ಚಿಗೇ ಹೋಯಿತು. ಈಗ ಪೆಟ್ಟಿಗೆಯಲ್ಲಿ ಉಳಿದಿರುವುದು ಅಪ್ಪನ ಎಚ್‌ಎಂಟಿ ಜನತಾ ಮತ್ತು ನಾನೇ ಕೊಂಡ ಬೆಂಗಳೂರು ವಾಚ್ ಕಂಪನಿಯ ಮ್ಯಾಕ್ 1. ಬೆಲೆ ಏರುವುದನ್ನು ಮಾರಿ ಬೆಲೆ ಬೀಳುವುದನ್ನು ಯಾಕೆ ತರಿಸುತ್ತಿದ್ದೀಯ ಎಂದು ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ನಾನು ಹಾಕಿದ ಲೆಕ್ಕವನ್ನು ಇಲ್ಲಿ ಬರೆದಿಡುತ್ತೇನೆ.

ಹಾಬ್ರಿಂಗ್ ಎಂದರೆ ರಿಚರ್ಡ್ ಮತ್ತು ಮರಿಯಾ ಹಾಬ್ರಿಂಗ್ ಎಂಬ ದಂಪತಿ. ಆಸ್ಟ್ರಿಯಾದ ಫೋಲ್ಕರ್‌ಮಾರ್ಕ್ಟ್ ಎಂಬ ಚಿಕ್ಕ ಊರಲ್ಲಿ 2004ರಿಂದ ತಮ್ಮದೇ ಹೆಸರಲ್ಲಿ ವಾಚ್ ಮಾಡುತ್ತಿದ್ದಾರೆ. ಹೆಸರಿನ ನೆತ್ತಿಯ ಮೇಲೆ ಪುಟ್ಟದಾಗಿ 2 ಎಂದು ಬರೆಯುವುದು ಇಬ್ಬರ ಕೆಲಸ ಅನ್ನುವುದಕ್ಕೆ. ರಿಚರ್ಡ್ ಮೊದಲು ಐಡಬ್ಲ್ಯುಸಿ ಎಂಬ ಸ್ವಿಸ್ ವಾಚ್ ಕಂಪನಿಯಲ್ಲಿದ್ದವರು. 1992ರಲ್ಲಿ ಬಂದ ಅದರ ಡೊಪ್ಪೆಲ್‌ಕ್ರೋನೋಗ್ರಾಫ್ ಎಂಬ ಸ್ಟಾಪ್‌ವಾಚ್ ಇರುವ ಕೈಗಡಿಯಾರದ ಯಂತ್ರ ಅವರ ಕೈಚಳಕ. ಒಂದರ ಮೇಲೊಂದು ಕೂತ ಎರಡು ಸೆಕೆಂಡ್ ಮುಳ್ಳುಗಳು ಒಟ್ಟಿಗೆ ಹೊರಡುತ್ತವೆ, ಗುಂಡಿ ಒತ್ತಿದರೆ ಒಂದು ನಿಲ್ಲುತ್ತದೆ, ಮತ್ತೆ ಒತ್ತಿದರೆ ಓಡಿಹೋಗಿ ಇನ್ನೊಂದನ್ನು ಸೇರಿಕೊಳ್ಳುತ್ತದೆ. ಶತಮಾನದಷ್ಟು ಹಳೆಯ, ಬಹಳ ದುಬಾರಿಯಾದ ಈ ಕಸುಬನ್ನು ಅವರು ವಾಲ್ಜೂ 7750 ಎಂಬ ಸಾಮಾನ್ಯ ಯಂತ್ರದ ಮೇಲೆ ಕೂರಿಸಿ ತೋರಿಸಿದರು. ಕಷ್ಟದ್ದನ್ನು ರಿಪೇರಿಗೆ ಸಿಗುವ ಹಾಗೆ ಮಾಡುವ ಆ ಬುದ್ಧಿಗೇ ನಾನು ಸೋತಿದ್ದು.

ಫೀಲಿಕ್ಸ್‌ನಲ್ಲಿ ಆ ಎರಡು ಮುಳ್ಳಿನ ಆಟ ಇಲ್ಲ. ಗಂಟೆ, ನಿಮಿಷ, ಪುಟ್ಟ ಸೆಕೆಂಡು, ಅಷ್ಟೇ. 38.5 ಮಿ.ಮೀ. ಅಗಲ, ಕೀ ಕೊಡುವ ವಾಚು. ಒಳಗಿರುವುದು ಅವರದೇ ಎ11 ಮೂವ್‌ಮೆಂಟ್, ಅಂದರೆ ವಾಚನ್ನು ಓಡಿಸುವ ಯಂತ್ರ, ಆದರೆ ಅದರ ಜೋಡಣೆಯ ಮೂಲದಲ್ಲಿ ಅದೇ 7750 ಇದೆ. ನನಗೆ ಇದು ಬಹಳ ಮುಖ್ಯ. ಯಾಕೆಂದು ಕೊನೆಗೆ ಹೇಳುತ್ತೇನೆ, ಮೊದಲು ಬೆಲೆಯ ಮಾತು.

ಇಂಡಿಪೆಂಡೆಂಟ್ ವಾಚುಗಳಿಗೆ, ಅಂದರೆ ದೊಡ್ಡ ಕಂಪನಿಗಳಿಗೆ ಸೇರದ ಕುಶಲಕರ್ಮಿಗಳು ಮಾಡುವ ವಾಚುಗಳಿಗೆ, ಒಳ್ಳೆಯ ರೀಸೇಲ್ ಇದೆ ಎಂಬ ಮಾತು ಈಚೆಗೆ ಎಲ್ಲ ಕಡೆ ಕೇಳುತ್ತದೆ. ಆ ಮಾತು ನಿಂತಿರುವುದು ಬೆರಳೆಣಿಕೆಯ ಹೆಸರುಗಳ ಮೇಲೆ. ಫ್ರಾನ್ಸ್ವಾ ಪೌಲ್ ಜೂರ್ನ್ ಎಂಬ ಕುಶಲಕರ್ಮಿ 1999ರಲ್ಲಿ ಜಿನೀವಾದಲ್ಲಿ ತಮ್ಮ ಕಂಪನಿ ಶುರುಮಾಡಿದಾಗ ಮೊದಲ 20 ಟೂರ್ಬಿಯಾನ್‌ಗಳನ್ನು (ಸಮಯ ಕಾಯುವ ಭಾಗವೇ ತಿರುಗುತ್ತಿರುವ ವಾಚುಗಳನ್ನು) ಮುಂಗಡ ಹಣ ಪಡೆದು ಮಾಡಿಕೊಟ್ಟರು. ಅಂದು ನಂಬಿ ದುಡ್ಡು ಕೊಟ್ಟವರ ಮುಂದೆ ಹರಾಜಿನ ಅಂಕಿ ಯಾವುದೂ ಇರಲಿಲ್ಲ. ಟ್ಯಾಂಟಲಂ ಲೋಹದ ಕೇಸಿನ ಕ್ರೊನೊಮೆತ್ರ್ ಬ್ಲ್ಯೂ 2009ರಲ್ಲಿ ಬಂದಾಗ ಅವರ ಸಾಲಿನಲ್ಲಿ ಕಡಿಮೆ ಬೆಲೆಯ ವಾಚುಗಳಲ್ಲೊಂದು. ಈಗ ಅದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೋದರೆ ಅಂದಿನ ಬೆಲೆಯ ಹಲವು ಪಟ್ಟು ಕೊಡಬೇಕು. ಸ್ವಿಸ್ ಕುಶಲಕರ್ಮಿ ಫಿಲಿಪ್ ಡ್ಯುಫೂರ್ ಅವರ ಸಿಂಪ್ಲಿಸಿಟಿ ಮಾಲಿಕೆಯ ಒಂದು ವಾಚು 2020ರ ನವೆಂಬರ್‌ನಲ್ಲಿ ಜಿನೀವಾದ ಹರಾಜಿನಲ್ಲಿ 13 ಲಕ್ಷ ಸ್ವಿಸ್ ಫ್ರಾಂಕ್ ದಾಟಿತು. ಅದು ಸಹ ಮೂರೇ ಮುಳ್ಳಿನ ವಾಚು!

ಡ್ಯುಫೂರ್ ಬಗ್ಗೆ ಬರೆಯುವಾಗ ಬೆಲೆ ಹೇಳಿ ನಿಲ್ಲಿಸಲು ಮನಸ್ಸಾಗುವುದಿಲ್ಲ. ಯಂತ್ರದ ಚಕ್ರಗಳನ್ನು ಹಿಡಿದಿಡುವ ಲೋಹದ ಪಟ್ಟಿಯ, ಅಂದರೆ ಬ್ರಿಜ್‌ನ, ಎರಡು ಅಂಚುಗಳು ಒಳಮೂಲೆಯಲ್ಲಿ ಸೇರುವ ಜಾಗ ನೋಡಿ. ತಿರುಗುವ ಉಪಕರಣ ಅಲ್ಲಿ ಮೊನಚು ತರಲಾರದು, ದುಂಡಗೆ ಬಿಟ್ಟುಹೋಗುತ್ತದೆ. ಚೂಪಾದ ಒಳಮೂಲೆ ಬೇಕೆಂದರೆ ಕೈಯಲ್ಲೇ ಅರ ಹಿಡಿಯಬೇಕು. ಆಮೇಲೆ ಹೊಳಪು ತರುವುದು ಜೆನ್ಷಿಯನ್ ಗಿಡದ ಒಣಗಿದ ಕಡ್ಡಿಯಿಂದ, ಅದು ಅವರಿರುವ ಜೂ ಕಣಿವೆಯ ಬೆಟ್ಟಗಳಲ್ಲೇ ಬೆಳೆಯುವ ಗಿಡ. ಹಿಂಬದಿಯ ಗಾಜಿನಲ್ಲಿ ಇಣುಕಿದರೆ ಮಾತ್ರ ಕಾಣುವ ಒಂದು ಮೂಲೆಗೆ ಅಷ್ಟು ಹೊತ್ತು ಕೊಡುವ ಮನುಷ್ಯನ ಮೇಲೆ ನನಗೆ ಅಪಾರ ಗೌರವ. ಫೀಲಿಕ್ಸ್‌ನಲ್ಲಿ ಆ ಮಟ್ಟದ ಫಿನಿಶಿಂಗ್ ಇಲ್ಲ, ಆ ಬೆಲೆಗೆ ನಿರೀಕ್ಷಿಸುವುದೂ ಸಲ್ಲ.

ಮರಳಿ ಲೆಕ್ಕಕ್ಕೆ. 2021ರಲ್ಲಿ ಮೇಲೇರಿದ ಸೆಕೆಂಡ್ ಹ್ಯಾಂಡ್ ಬೆಲೆಗಳು 2022ರ ವಸಂತ ಕಳೆದ ಮೇಲೆ ಇಳಿದವು. ಏರಿದ್ದನ್ನು ನೋಡಿ ಕೊಂಡವರು ಇಳಿಯುವಾಗ ಕೈಯಲ್ಲಿದ್ದ ವಾಚನ್ನು ಪ್ರೀತಿಯಿಂದ ಕಟ್ಟಿಕೊಂಡಾರೆಯೇ? ನನಗೆ ಅನುಮಾನ. ಇಂಡಿಯಾದಲ್ಲಿರುವ ನಮಗೆ ಇನ್ನೊಂದು ಹೊರೆಯಿದೆ. ಹೊರದೇಶದಿಂದ ತರಿಸಿದರೆ ಸುಂಕ, ಅದರ ಮೇಲೆ ಶೇ. 18 ಜಿಎಸ್‌ಟಿ. ಮಾರುವಾಗ ಹೊರಗಿನ ಗಿರಾಕಿ ತೆರಿಗೆಯಿಲ್ಲದ ಬೆಲೆಯನ್ನೇ ನೋಡುತ್ತಾನೆ, ನಾವು ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ. 2025ರ ಅಕ್ಟೋಬರ್ 1ರಿಂದ ಜಾರಿಯಾದ, ಸ್ವಿಟ್ಜರ್ಲೆಂಡ್ ಸೇರಿ ನಾಲ್ಕು ಯುರೋಪಿನ ದೇಶಗಳ ಗುಂಪಾದ ಎಫ್ತಾದ ಜೊತೆ ಇಂಡಿಯಾ ಮಾಡಿಕೊಂಡ ಒಪ್ಪಂದದಿಂದ ಸ್ವಿಸ್ ವಾಚುಗಳ ಸುಂಕ ಹಂತಹಂತವಾಗಿ ಇಳಿಯಲಿದೆ. ಆಸ್ಟ್ರಿಯಾ ಆ ಗುಂಪಿನಲ್ಲಿಲ್ಲ, ಹಾಗಾಗಿ ಫೀಲಿಕ್ಸ್‌ಗೆ ಅದರ ಲಾಭವಿಲ್ಲ.

ಅದಕ್ಕೇ ಈಗ ಕೊಳ್ಳುವ ಮೊದಲೇ, ನಾಳೆ ಮಾರಬೇಕಾಗಿ ಬಂದರೆ ಎಷ್ಟು ಕಳೆದುಕೊಳ್ಳುತ್ತೇನೆ ಎಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಫೀಲಿಕ್ಸ್ ಮುಂದೆ ತೆರಿಗೆ ಸೇರಿ ಶೇ. 40 ಎಂದು ಬರೆದಿದ್ದೇನೆ. ಅಷ್ಟು ಹೋದರೂ ಮನೆಯ ಯಾವ ಖರ್ಚೂ ನಿಲ್ಲುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಮುಂಗಡ ಕಳಿಸಿದ್ದು. ಮ್ಯಾಕ್ 1ರ ಮುಂದೆ ಅಂಕಿಯೇ ಇಲ್ಲ. ಮಿಗ್-21 ಯುದ್ಧವಿಮಾನದ ನೆನಪಿಗೆ ನಮ್ಮೂರಿನ ಕಂಪನಿಯೊಂದು ಮಾಡಿದ ವಾಚು, ಅದನ್ನು ಮಾರುವ ಯೋಚನೆಯೇ ನನಗಿಲ್ಲ.

ರೀಸೇಲ್‌ಗಿಂತ ದೊಡ್ಡ ಪ್ರಶ್ನೆ, ಮಾಡಿದವರು ಅಂಗಡಿ ಮುಚ್ಚಿದರೆ ಮುಂದೇನು ಎಂಬುದು. ಇದನ್ನು ಕಲಿಸಿದ್ದು ಜನತಾ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಲ್ಲಿ ವಾಚ್ ತಯಾರಿಕೆ ಶುರುಮಾಡಿದ ಎಚ್‌ಎಂಟಿ, ತನ್ನ ವಾಚ್ ಕಂಪನಿಯನ್ನು 2016ರಲ್ಲಿ ಮುಚ್ಚಬೇಕಾಯಿತು. ಆದರೂ ಅಪ್ಪನ ವಾಚು ಓಡುತ್ತಿದೆ. ಲಕ್ಷಗಟ್ಟಲೆ ತಯಾರಾದ ಯಂತ್ರ ಅದು, ಒಂದು ಕೆಟ್ಟರೆ ಇನ್ನೊಂದರ ಬಿಡಿಭಾಗ ಸಿಗುತ್ತದೆ, ಕೈ ಪಳಗಿದ ರಿಪೇರಿಯವರೂ ಇದ್ದಾರೆ. ವರ್ಷಕ್ಕೆ ಕೆಲವೇ ವಾಚು ಮಾಡುವ ಕುಶಲಕರ್ಮಿಯ ಯಂತ್ರಕ್ಕೆ ಆ ಅನುಕೂಲ ಎಲ್ಲಿ? ಜೂರ್ನ್ ತಮ್ಮ ಹಳೆಯ ವಾಚುಗಳನ್ನು ಮರಳಿ ಕೊಂಡು, ರಿಪೇರಿ ಮಾಡಿ, ಗ್ಯಾರಂಟಿ ಕೊಟ್ಟು ಮಾರುವ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಎಲ್ಲರಿಗೂ ಅಷ್ಟು ಶಕ್ತಿಯಿಲ್ಲ. ಫೀಲಿಕ್ಸ್‌ನಲ್ಲಿ ಚಿಕ್ಕ ಕಾರ್ಖಾನೆಯ ಕೈಕೆಲಸವೂ ಇದೆ, 7750 ಬಲ್ಲವರು ಬಿಚ್ಚಿ ನೋಡಿದರೆ ದಾರಿ ಸಿಗುವ ಜೋಡಣೆಯೂ ಇದೆ. ಹರಾಜಿನ ಅಂಕಿಗಿಂತ ನನಗೆ ಇದೇ ದೊಡ್ಡ ಭರವಸೆ.

ವಾಚ್ ಬರುವ ಮೊದಲು ಎರಡು ಕೆಲಸ ಬಾಕಿ. ಜನತಾ ದಿನಕ್ಕೆ ಒಂದೆರಡು ನಿಮಿಷ ಹಿಂದೆ ಬೀಳುತ್ತಿದೆ, ಆಯಿಲಿಂಗ್‌ಗೆ ಕೊಡಬೇಕು. ಡಯಲ್‌ಗೆ ಮಾತ್ರ ಕೈ ಹಚ್ಚಬೇಡಿ ಎಂದು ಹೇಳಿಯೇ ಕೊಡುತ್ತೇನೆ, ಹೊಸ ಬಣ್ಣ ಬಳಿದ ಎಚ್‌ಎಂಟಿಗಳು ಈಗಾಗಲೇ ಬೇಕಾದಷ್ಟಿವೆ. ಮತ್ತೆ, ಫೀಲಿಕ್ಸನ್ನು ಮುಂದೆ ಸರ್ವೀಸ್‌ಗೆ ಆಸ್ಟ್ರಿಯಾಕ್ಕೆ ಕಳಿಸಿ ವಾಪಸ್ ತರಿಸುವಾಗ ಇನ್ನೊಮ್ಮೆ ಪೂರ್ತಿ ಸುಂಕ ಬೀಳದಿರಲು ಯಾವ ಕಾಗದ ಬೇಕು ಎಂದು ಕಸ್ಟಮ್ಸ್ ಏಜೆಂಟರಲ್ಲಿ ಕೇಳಿದ್ದೇನೆ. ಉತ್ತರ ಬಂದ ಮೇಲೆ ಅದನ್ನೂ ಇಲ್ಲಿ ಸೇರಿಸುತ್ತೇನೆ.